ಚೆಂಡೆ ಪೆಟ್ಟು ಕೇಳಿ ನೋಡಿ: ಒಳ್ಳೆಯ ಹೆಡ್‌ಫೋನಿಗೆ ಎಂಪಿ3 ಸಾಕಾ?

ಒಳ್ಳೆಯ ಹೆಡ್‌ಫೋನ್ ತೆಗೆದುಕೊಂಡ ಮೇಲೆ ಹೆಚ್ಚಿನವರಿಗೆ ಒಂದು ಸಂಶಯ ಶುರುವಾಗುತ್ತದೆ. ಫೋನಿನಲ್ಲಿ ತುಂಬಿಸಿಟ್ಟ ಎಂಪಿ3 ಹಾಡುಗಳು ಇದಕ್ಕೆ ಸಾಲುತ್ತವಾ? ಎಲ್ಲ ಅಳಿಸಿ, ಏನನ್ನೂ ಕಳೆಯದೆ ಕುಗ್ಗಿಸುವ ಫ್ಲಾಕ್ ಫೈಲುಗಳನ್ನು ಹುಡುಕಬೇಕಾ? ಇಷ್ಟು ದುಡ್ಡು ಕೊಟ್ಟು ಅರ್ಧ ಸಂಗೀತವನ್ನಷ್ಟೇ ಕೇಳುತ್ತಿದ್ದೇವಾ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಲಿಕ್ಕೆ ಚೆನ್ನಾಗಿ ಕುಗ್ಗಿಸಿದ ಫೈಲ್ ಸಾಕು. ಕಾಪಿಡಲಿಕ್ಕೆ ಸಾಲದು. ಆದರೆ ನಾನು ಹೇಳಿದೆ ಅಂತ ನಂಬಬೇಡಿ. ಒಂದು ಸಂಜೆ ಬಿಡುವು ಮಾಡಿಕೊಂಡರೆ ನಿಮ್ಮ ಕಿವಿಯಿಂದಲೇ ಇದನ್ನು ತಿಳಿಯಬಹುದು. ಮಂಗಳೂರು, ಉಡುಪಿ ಕಡೆಯವರಿಗೆ ಈ ಪರೀಕ್ಷೆಗೆ ಬೇಕಾದ ಬಹಳ ಒಳ್ಳೆಯ ಸಾಮಗ್ರಿ ಮನೆಬಾಗಿಲಲ್ಲೇ ಇದೆ. ಅದು ಯಕ್ಷಗಾನದ ಹಿಮ್ಮೇಳ, ಅದರಲ್ಲೂ ಚೆಂಡೆ.

ಚೆಂಡೆಯೇ ಯಾಕೆ?

ಸಿಡಿಯಲ್ಲಿ ಸಂಗೀತ ಪ್ರತಿ ಸೆಕೆಂಡಿಗೆ 44,100 ಮಾದರಿಗಳಾಗಿ ಇರುತ್ತದೆ. ಒಂದೊಂದು ಮಾದರಿಗೂ 16 ಬಿಟ್. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಒಂದು ಗಂಟೆಯ ಆಟಕ್ಕೆ, ಅಂದರೆ ಯಕ್ಷಗಾನ ಪ್ರದರ್ಶನಕ್ಕೆ, ಸುಮಾರು 635 ಎಂಬಿ ಆಯಿತು. ಅದೇ ಒಂದು ಗಂಟೆ 320ರ, ಅಂದರೆ ಸೆಕೆಂಡಿಗೆ 320 ಕಿಲೋಬಿಟ್ ಬಿಟ್‌ರೇಟಿನ, ಎಂಪಿ3 ಆದರೆ 144 ಎಂಬಿ. 128ರದ್ದಾದರೆ 58 ಎಂಬಿ ಸಾಕು.

ಕುಗ್ಗಿಸುವುದರಲ್ಲಿ ಎರಡು ಬಗೆ. ಫ್ಲಾಕ್ ಮತ್ತು ಆಪಲ್‌ನವರ ಎಎಲ್‌ಎಸಿ ಏನನ್ನೂ ಬಿಸಾಡುವುದಿಲ್ಲ. ಪ್ಲೇ ಮಾಡುವಾಗ ಮೂಲದ ಒಂದೊಂದು ಅಂಕಿಯೂ ಹಾಗೇ ವಾಪಸ್ ಬರುತ್ತದೆ. ಸಾಮಾನ್ಯವಾಗಿ ಮೂಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಬೇಕಾಗುತ್ತದೆ, ಅಷ್ಟೆ. ಎಂಪಿ3, ಎಎಸಿ, ಓಪಸ್ ಹಾಗಲ್ಲ. ಕಿವಿಗೆ ಕೇಳಿಸಲಿಕ್ಕಿಲ್ಲ ಅಂತ ಲೆಕ್ಕ ಹಾಕಿದ್ದನ್ನು ಅವು ತೆಗೆದುಬಿಡುತ್ತವೆ. ತೆಗೆದದ್ದು ಮತ್ತೆ ಬರುವುದಿಲ್ಲ.

ಕೇಳಿಸಲಿಕ್ಕಿಲ್ಲ ಅಂತ ಗೊತ್ತಾಗುವುದು ಹೇಗೆ? ಆಟ ನೋಡಿದವರಿಗೆ ಇದು ಅನುಭವದಲ್ಲೇ ಇದೆ. ಬಣ್ಣದ ವೇಷ ರಂಗಕ್ಕೆ ನುಗ್ಗುವಾಗ ಚೆಂಡೆ ಬಿರುಸಾಗುತ್ತದೆ. ಆಗ ಶ್ರುತಿಪೆಟ್ಟಿಗೆ ನುಡಿಯುತ್ತಲೇ ಇರುತ್ತದೆ, ನಮಗೆ ಕೇಳುವುದಿಲ್ಲ. ಜೋರು ಸದ್ದು ತನ್ನ ಹತ್ತಿರದ ಸಣ್ಣ ಸದ್ದನ್ನು ಮುಚ್ಚುತ್ತದೆ. ಜೋರು ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ, ಈ ಮುಚ್ಚಿಗೆ ಇರುತ್ತದೆ. ಸದ್ದು ಬರುವ ಮೊದಲೂ ಇರುತ್ತದೆ, ಆದರೆ ಅದು ಕೆಲವೇ ಮಿಲಿಸೆಕೆಂಡ್.

ಚೆಂಡೆ ಎಂಪಿ3ಯನ್ನು ಸಿಕ್ಕಿಹಾಕಿಸುವುದು ಇಲ್ಲಿಯೇ. ಎಂಪಿ3 ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಕುಗ್ಗಿಸುತ್ತದೆ. ಸಿಡಿ ಗುಣಮಟ್ಟದ ಸದ್ದಿನಲ್ಲಿ ಅದರ ಒಂದು ಫ್ರೇಮ್ ಅಂದರೆ 1,152 ಮಾದರಿ, ಸುಮಾರು 26 ಮಿಲಿಸೆಕೆಂಡ್. ಕುಗ್ಗಿಸುವಾಗ ಹುಟ್ಟುವ ಕೊಳೆ ಸದ್ದು ಆ ತುಂಡಿನ ಉದ್ದಕ್ಕೂ ಹರಡುತ್ತದೆ. ಮೌನದ ನಡುವೆ ಫಟ್ಟನೆ ಒಂದು ಪೆಟ್ಟು ಬಿದ್ದರೆ, ಕೊಳೆ ಸದ್ದು ಪೆಟ್ಟಿಗಿಂತ ಮೊದಲೇ ಮೌನದೊಳಗೆ ಬಂದಿರುತ್ತದೆ. ಕಿವಿ ಅದನ್ನು ಮುಚ್ಚಿಕೊಳ್ಳುವುದು ಕೆಲವೇ ಮಿಲಿಸೆಕೆಂಡ್ ಅಂದೆನಲ್ಲ, ಉಳಿದದ್ದು ಕೇಳಿಬಿಡುತ್ತದೆ. ಪೆಟ್ಟಿನ ಮೊನೆ ಮೊಂಡಾಗುತ್ತದೆ. ಇದನ್ನು ತಪ್ಪಿಸಲು ಒಳ್ಳೆಯ ಎನ್‌ಕೋಡರುಗಳು, ಅಂದರೆ ಕುಗ್ಗಿಸುವ ತಂತ್ರಾಂಶಗಳು, ಅಂಥ ಕಡೆ ತುಂಡನ್ನು ಇನ್ನೂ ಚಿಕ್ಕದು ಮಾಡುತ್ತವೆ. ಅದಕ್ಕೆ ಜಾಸ್ತಿ ಬಿಟ್ ಬೇಕು. ಕಡಿಮೆ ಬಿಟ್‌ರೇಟಿನಲ್ಲಿ ಒಂದರ ಹಿಂದೊಂದು ಪೆಟ್ಟು ಬಂದರೆ ಬಿಟ್ ಸಾಲುವುದಿಲ್ಲ.

ಯುರೋಪಿನಲ್ಲಿ ಎನ್‌ಕೋಡರ್ ಪರೀಕ್ಷಿಸುವವರು ಇದೇ ಕಾರಣಕ್ಕೆ ಕ್ಯಾಸ್ಟನೆಟ್ ಅನ್ನುವ ಸ್ಪೇನಿನ ಕೈಚಿಟಿಕೆಯ ರೆಕಾರ್ಡಿಂಗ್ ಬಳಸುತ್ತಾರೆ. ನಮಗೆ ಚೆಂಡೆ ಇದೆ. ಅದರಲ್ಲೂ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಚೆಂಡೆಯ ಜೊತೆ ಚಕ್ರತಾಳವೂ ಇರುತ್ತದೆ. ಒಂದು ಚೂಪಾದ ಪೆಟ್ಟು, ಇನ್ನೊಂದು ಲೋಹದ ಝಣಝಣ. ಎರಡೂ ಎಂಪಿ3ಗೆ ಕಷ್ಟದ ಪಾಠಗಳೇ.

ಹೆಜ್ಜೆ 1: ಮೂಲ ಶುದ್ಧವಾಗಿರಲಿ

ಕುಗ್ಗಿಸದ ಒಂದು ರೆಕಾರ್ಡಿಂಗ್ ಬೇಕು. ಹಿಮ್ಮೇಳ ಚೆನ್ನಾಗಿರುವ ಯಕ್ಷಗಾನದ ಆಡಿಯೋ ಸಿಡಿ ಮನೆಯಲ್ಲಿದ್ದರೆ ಅದೇ ಸಾಕು. ಕಂಪ್ಯೂಟರಿಗೆ ಹಾಕಿ ಫ್ಲಾಕ್ ಅಥವಾ ಏನೂ ಕುಗ್ಗಿಸದ ವೇವ್ ಫೈಲ್ ಆಗಿ ತೆಗೆಯಿರಿ. ಸಿಡಿ ಅಂದರೆ ನಿಜವಾದ ಆಡಿಯೋ ಸಿಡಿ. 100 ಹಾಡು ತುಂಬಿಸಿದ ಎಂಪಿ3 ಸಿಡಿ ಅಲ್ಲ.

ಯೂಟ್ಯೂಬಿನಿಂದ ಇಳಿಸಿದ್ದು ಈ ಪರೀಕ್ಷೆಗೆ ಆಗುವುದಿಲ್ಲ. ಅಲ್ಲಿನ ಸದ್ದು ಎಎಸಿ ಅಥವಾ ಓಪಸ್‌ನಲ್ಲಿ ಆಗಲೇ ಕುಗ್ಗಿರುತ್ತದೆ. ಅದನ್ನು ಫ್ಲಾಕ್ ಮಾಡಿಕೊಡುವ ಜಾಲತಾಣಗಳಿವೆ. ಫೈಲ್ ದೊಡ್ಡದಾಗುತ್ತದೆ, ಹೋದದ್ದು ಬರುವುದಿಲ್ಲ. ಯಾರಾದರೂ ಫ್ಲಾಕ್ ಅಂತ ಕೊಟ್ಟ ಫೈಲಿನ ಮೇಲೆ ಸಂಶಯ ಇದ್ದರೆ ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ಅದು ಸದ್ದಿನ ಚಿತ್ರ ತೋರಿಸುತ್ತದೆ. 16 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿಸಿದ ಹಾಗೆ ಎಲ್ಲ ನಿಂತುಹೋಗಿದ್ದರೆ ಅದು ಬಹುಶಃ 128ರ ಎಂಪಿ3ಯಿಂದ ಮಾಡಿದ್ದು. ಹಳೇ ಕ್ಯಾಸೆಟ್ಟಿನಿಂದ ಬಂದದ್ದಾದರೆ ಮೇಲಿನ ಭಾಗ ನಿಧಾನಕ್ಕೆ ಮಸುಕಾಗುತ್ತಾ ಹೋಗುತ್ತದೆ. ಅದು ಬೇರೆ ವಿಷಯ, ಅದಕ್ಕೆ ಸಂಶಯ ಪಡಬೇಡಿ.

ಕೈಯಲ್ಲಿ ಹಿಡಿಯುವ ರೆಕಾರ್ಡರ್ ಇದ್ದವರು ತಾವೇ ಮಾಡಿಕೊಳ್ಳಬಹುದು. ದೀಪಾವಳಿಯ ನಂತರ ಮೇಳಗಳು ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ಆಟಗಳಿಗೆ ಬರವಿಲ್ಲ. ಮೇಳದವರನ್ನೂ ಆಟ ಆಡಿಸುವವರನ್ನೂ ಮೊದಲೇ ಕೇಳಿ. ರೆಕಾರ್ಡರಿನಲ್ಲಿ ವೇವ್, 24 ಬಿಟ್, 48 ಕಿಲೋಹರ್ಟ್ಸ್ ಆಯ್ದುಕೊಳ್ಳಿ. ಪದ್ಯ ಹಾಡುವ ಭಾಗವತರ ದನಿಗೆ ಮಟ್ಟ ಹೊಂದಿಸಿ ಸುಮ್ಮನಾಗಬೇಡಿ, ಚೆಂಡೆ ಶುರುವಾದ ಕೂಡಲೇ ಮೀಟರ್ ಮೇಲಕ್ಕೆ ಹಾರುತ್ತದೆ. ಚೆಂಡೆಯ ಜೋರು ಪೆಟ್ಟಿಗೂ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರವೇ ಇರುವ ಹಾಗೆ ಇಡಿ. ಮೀಟರ್ ಸೊನ್ನೆ ಮುಟ್ಟಿ ಒಡೆದ ಸದ್ದನ್ನು ಯಾವ ಫ್ಲಾಕೂ ಸರಿಮಾಡುವುದಿಲ್ಲ. ಸಾಧ್ಯವಾದರೆ ಲೌಡ್‌ಸ್ಪೀಕರಿನಿಂದ ದೂರ, ರಂಗಸ್ಥಳಕ್ಕೆ ಹತ್ತಿರ ಕುಳಿತುಕೊಳ್ಳಿ. ಧ್ವನಿವರ್ಧಕದಲ್ಲಿ ಕರ್ಕಶವಾಗಿ ಬಂದ ಚೆಂಡೆಯಲ್ಲಿ ಎಂಪಿ3 ಮಾಡಿದ ಹಾನಿ ಹುಡುಕುವುದು ಕಷ್ಟ.

ಫೋನಿನ ಸಾಮಾನ್ಯ ರೆಕಾರ್ಡರ್ ಬೇಡ. ಹೆಚ್ಚಿನವು ನೇರ ಎಎಸಿಯಲ್ಲೇ ಉಳಿಸುತ್ತವೆ. ಜೊತೆಗೆ ಜೋರು ಸದ್ದನ್ನು ತಾವೇ ಒತ್ತಿ ತಗ್ಗಿಸುತ್ತವೆ.

ಹೆಜ್ಜೆ 2: ಪ್ರತಿಗಳನ್ನು ನೀವೇ ಮಾಡಿ

ಎಲ್ಲೋ ಸಿಕ್ಕಿದ ಎಂಪಿ3ಯನ್ನೂ ಇನ್ನೆಲ್ಲೋ ಸಿಕ್ಕಿದ ಫ್ಲಾಕನ್ನೂ ಹೋಲಿಸಬೇಡಿ. ಎರಡೂ ಬೇರೆ ಬೇರೆ ಕಡೆ ತಯಾರಾದವು ಆಗಿರಬಹುದು. ಒಂದರಲ್ಲಿ ಬಾಸ್ ಏರಿಸಿರಬಹುದು, ಒಂದು ಸ್ವಲ್ಪ ಜೋರಾಗಿರಬಹುದು. ಜನ ‘ಫ್ಲಾಕ್ ಎಷ್ಟು ಚೆನ್ನಾಗಿದೆ’ ಅನ್ನುವಾಗ ಬಹಳ ಸಲ ಹೊಗಳುತ್ತಿರುವುದು ಬೇರೆ ಮಾಸ್ಟರಿಂಗನ್ನು, ಅಂದರೆ ಬಿಡುಗಡೆಗೆ ಮೊದಲು ಸದ್ದನ್ನು ಬೇರೆ ರೀತಿ ಹದಗೊಳಿಸಿದ್ದನ್ನು.

ವಿಂಡೋಸ್ ಕಂಪ್ಯೂಟರಿನಲ್ಲಿ ಫೂಬಾರ್2000 ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳಿ. ಅದರದೇ ತಾಣದಲ್ಲಿ ಉಚಿತ ಎನ್‌ಕೋಡರ್ ಪ್ಯಾಕ್ ಸಿಗುತ್ತದೆ. ಮೂಲ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಕನ್ವರ್ಟ್ ಆರಿಸಿ, ಒಂದೇ ಮೂಲದಿಂದ ಈ ಮೂರು ಪ್ರತಿ ಮಾಡಿ: 128ರ ಎಂಪಿ3, 192ರ ಎಂಪಿ3, 320ರ ಎಂಪಿ3. ಎಂಪಿ3ಗೆ ಲೇಮ್ ಎನ್‌ಕೋಡರನ್ನೇ ಬಳಸಿ. 1998ರಿಂದ ತಿದ್ದುತ್ತಾ ಬಂದ ಎನ್‌ಕೋಡರ್ ಅದು. 2000ದ ಆಸುಪಾಸಿನಲ್ಲಿ ಸೈಬರ್ ಕೆಫೆಗಳಲ್ಲಿ ಹರಿದಾಡಿದ 128ರ ಎಂಪಿ3 ಕೇಳಿ ‘ಎಂಪಿ3 ಅಂದರೆ ಇಷ್ಟೇ’ ಅಂದುಕೊಂಡವರು ಬಹಳ ಮಂದಿ. ಅದೇ ಬಿಟ್‌ರೇಟಿನಲ್ಲಿ ಈಗಿನ ಲೇಮ್ ಅಂದಿನ ಹಲವು ಎನ್‌ಕೋಡರುಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಎಂಪಿ3ಯಿಂದ ಇನ್ನೊಂದು ಎಂಪಿ3 ಮಾತ್ರ ಮಾಡಲೇಬೇಡಿ. ಪ್ರತಿ ಸಲವೂ ಹೊಸದಾಗಿ ಸ್ವಲ್ಪ ಹೋಗುತ್ತದೆ, ಹೋದದ್ದರ ಮೇಲೆ ಹೋಗುತ್ತದೆ.

ಹೆಜ್ಜೆ 3: ಹೆಡ್‌ಫೋನ್ ಮತ್ತು ಕೋಣೆ

ವೈರ್ ಇರುವ ಹೆಡ್‌ಫೋನ್ ಬೇಕು. ಬ್ಲೂಟೂತ್ ಆದರೆ ಸದ್ದು ಗಾಳಿಯಲ್ಲಿ ಹೋಗುವ ಮೊದಲು ಮತ್ತೊಮ್ಮೆ ಕುಗ್ಗುತ್ತದೆ, ಪರೀಕ್ಷೆ ಕೆಡುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬಾಸ್ ಬೂಸ್ಟ್, ಈಕ್ವಲೈಸರ್, ಅಟ್ಮಾಸ್, ಏನೇನಿದೆಯೋ ಎಲ್ಲ ಆಫ್ ಮಾಡಿ. ಕಾರಣ ಇದೆ. ಯಾವ ಸದ್ದು ಯಾವುದನ್ನು ಮುಚ್ಚುತ್ತದೆ ಅಂತ ಎನ್‌ಕೋಡರ್ ಹಾಕಿದ ಲೆಕ್ಕ ಮೂಲ ಸದ್ದಿಗೆ ಮಾತ್ರ ಸರಿ. ನೀವು ಒಂದು ಭಾಗವನ್ನು ತುಂಬಾ ಏರಿಸಿ ಇನ್ನೊಂದನ್ನು ಇಳಿಸಿದರೆ ಮುಚ್ಚಿದ್ದ ಕೊಳೆ ಹೊರಗೆ ಬರುತ್ತದೆ. ಮೇಲಿನ ಸ್ವರಗಳನ್ನು ಬಹಳ ಎತ್ತಿ ತೋರಿಸುವ ಹೆಡ್‌ಫೋನಿನಲ್ಲೂ ಹೀಗೇ ಆಗಬಹುದು. ಹಾಗಾಗಿ ‘ನನ್ನ ಹೆಡ್‌ಫೋನಿನಲ್ಲಿ ಎಂಪಿ3 ದೋಷ ಕೇಳುತ್ತದೆ’ ಅಂದರೆ ಆ ಹೆಡ್‌ಫೋನ್ ಬಹಳ ಒಳ್ಳೆಯದು ಅಂತಲೇ ಆಗಬೇಕಿಲ್ಲ.

ಹೆಡ್‌ಫೋನ್ ಕಿವಿಗೆ ಸರಿಯಾಗಿ ಕೂರಬೇಕು. ಕುಶನ್ನಿಗೂ ಕೆನ್ನೆಗೂ ನಡುವೆ ಕನ್ನಡಕದ ಕಡ್ಡಿಯಿಂದ ಸಂದಿಯಾದರೂ ಮದ್ದಳೆಯ ಎಡಭಾಗದ ಗುಂಗು ಹೋಗುತ್ತದೆ. ಕರಾವಳಿಯ ಸೆಕೆಗೆ, ಬೆವರಿಗೆ ಕೃತಕ ಚರ್ಮದ ಕುಶನ್ ಬೇಗ ಸಿಪ್ಪೆ ಏಳುತ್ತದೆ. ಸಿಪ್ಪೆ ಎದ್ದದ್ದಿದ್ದರೆ ಮೊದಲು ಅದನ್ನು ಬದಲಿಸಿ, ಬಿಟ್‌ರೇಟಿನ ಮಾತು ಆಮೇಲೆ. 300 ಓಮ್‌ನಂಥ ಹೆಚ್ಚು ಇಂಪೀಡೆನ್ಸಿನ ಹೆಡ್‌ಫೋನ್ ಆದರೆ ಫೋನಿನ ಪುಟ್ಟ ಡಾಂಗಲ್ ಅದಕ್ಕೆ ಸಾಲದಿರಬಹುದು, ಚಿಕ್ಕದೊಂದು ಆಂಪ್ಲಿಫೈಯರ್ ಇರಲಿ.

ಫ್ಯಾನ್ ಆಫ್ ಮಾಡಿ. ಸೆಕೆ ಅಂತ ಗೊತ್ತು ಮಾರಾಯ್ರೆ, ಹತ್ತು ನಿಮಿಷ ಸಾಕು. ಹಿಂಬದಿ ತೆರೆದ ಹೆಡ್‌ಫೋನ್ ಆದರೆ ಫ್ಯಾನಿನ ಸದ್ದು ಪೂರ್ತಿ ಒಳಗೆ ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ, ಶೀಟಿನ ಮಾಡಿನ ಕೆಳಗೆ ಕುಳಿತು ಈ ಪರೀಕ್ಷೆ ಮಾಡುವುದರಲ್ಲಿ ಅರ್ಥವಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಸುರತ್ಕಲ್ಲಿಗೆ ಹೋಗುವ ಸಿಟಿ ಬಸ್ಸಿನಲ್ಲಿ 128 ಮತ್ತು ಫ್ಲಾಕ್ ನಡುವೆ ವ್ಯತ್ಯಾಸ ಹುಡುಕುವುದೂ ಹಾಗೇ. ಎಂಜಿನ್, ಹಾರನ್ ಸದ್ದು ಎಂಪಿ3ಯ ಕೊಳೆಯ ಜೊತೆ ಸಂಗೀತದ ಸೂಕ್ಷ್ಮಗಳನ್ನೂ ಮುಚ್ಚಿರುತ್ತದೆ.

ಹೆಜ್ಜೆ 4: ಯಾವುದು ಯಾವುದೆಂದು ತಿಳಿಯದೆ ಕೇಳಿ

ಇಡೀ ಕೆಲಸದ ತಿರುಳು ಇದು. ಫೈಲಿನ ಹೆಸರು ಕಾಣುತ್ತಿದ್ದರೆ ಕಿವಿ ಹೆಸರನ್ನೇ ಕೇಳುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಫ್ಲಾಕ್ ಅಂತ ಗೊತ್ತಿದ್ದಾಗ ಮನಸ್ಸು ಗಮನ ಕೊಡುವ ರೀತಿಯೇ ಬೇರೆ. ಸಣ್ಣ ಸಣ್ಣ ನಾದಗಳನ್ನು ಅದು ಹುಡುಕಿ ತರುತ್ತದೆ. ಅವು ಎಂಪಿ3ಯಲ್ಲೂ ಇದ್ದವು, ಆಗ ಹುಡುಕಿರಲಿಲ್ಲ ಅಷ್ಟೆ.

ಫೂಬಾರಿಗೆ ಎಬಿಎಕ್ಸ್ ಕಂಪ್ಯಾರೇಟರ್ ಎಂಬ ಸೇರ್ಪಡೆ ಹಾಕಿ. ಮೂಲವನ್ನೂ 128ರ ಪ್ರತಿಯನ್ನೂ ಒಟ್ಟಿಗೆ ಆಯ್ದು ಬಲ ಕ್ಲಿಕ್ ಮಾಡಿ, ಯುಟಿಲಿಟೀಸ್ ಒಳಗೆ ಎಬಿಎಕ್ಸ್ ಆರಿಸಿ. ಎರಡರ ಮಟ್ಟವನ್ನು ರೀಪ್ಲೇಗೇನ್‌ನಿಂದ ಸಮ ಮಾಡುವ ಆಯ್ಕೆ ಇದೆ, ಅದನ್ನು ಬಳಸಿ. ಒಂದು ಚೂರು ಜೋರಾದ ಸದ್ದು ನಮಗೆ ‘ಜೋರು’ ಅಂತ ಅನಿಸುವುದಿಲ್ಲ, ‘ಚೆನ್ನ’ ಅಂತ ಅನಿಸುತ್ತದೆ. ಅಂಗಡಿಯಲ್ಲಿ ಮೋಸಹೋಗುವುದು ಇದರಿಂದಲೇ.

ಈಗ ಎ ಅಂದರೆ ಒಂದು ಫೈಲ್, ಬಿ ಅಂದರೆ ಇನ್ನೊಂದು. ಎಕ್ಸ್ ಅಂದರೆ ಇವೆರಡರಲ್ಲಿ ಒಂದು, ಯಾವುದೆಂದು ಕಂಪ್ಯೂಟರಿಗೆ ಮಾತ್ರ ಗೊತ್ತು. ಮೂರನ್ನೂ ಎಷ್ಟು ಸಲ ಬೇಕಾದರೂ ಕೇಳಿ. ಎಕ್ಸ್ ಯಾವುದು ಅಂತ ಹೇಳಿ. ಹೀಗೆ 16 ಸಲ ಮಾಡಿ. 16 ಅಂತ ಮೊದಲೇ ತೀರ್ಮಾನಿಸಿ, ನಡುವೆ ಅಂಕ ನೋಡಬೇಡಿ. ಚೆನ್ನಾಗಿ ಬರುತ್ತಿದೆ ಅಂತ ಅರ್ಧದಲ್ಲಿ ನಿಲ್ಲಿಸುವುದು, ಬರುತ್ತಿಲ್ಲ ಅಂತ ಮುಂದುವರಿಸುವುದು ಎರಡೂ ಲೆಕ್ಕ ಕೆಡಿಸುತ್ತವೆ. 16ರಲ್ಲಿ 8 ಸರಿ ಬಂದರೆ ಅದು ನಾಣ್ಯ ಚಿಮ್ಮಿದಂತೆ, ಬರೀ ಊಹೆ. 12 ಅಥವಾ ಹೆಚ್ಚು ಸರಿಯಾದರೆ ನಿಮಗೆ ನಿಜವಾಗಿ ವ್ಯತ್ಯಾಸ ಕೇಳುತ್ತಿದೆ ಅನ್ನಬಹುದು. ಬರೀ ಊಹೆಯಲ್ಲಿ ಅಷ್ಟು ಬರುವ ಸಾಧ್ಯತೆ 100ಕ್ಕೆ ಸುಮಾರು 4 ಮಾತ್ರ.

ಕಂಪ್ಯೂಟರ್ ಇಲ್ಲದವರಿಗೆ ಮನೆಯವರ ಸಹಾಯ ಬೇಕು. ಕಂಪ್ಯೂಟರ್ ಇರುವ ಗೆಳೆಯರಿಗೆ ಹೇಳಿ ಎಂಪಿ3 ಪ್ರತಿಯನ್ನು ವಾಪಸ್ ವೇವ್ ಮಾಡಿಸಿಕೊಳ್ಳಿ. ಹೋದದ್ದು ಬರುವುದಿಲ್ಲ, ಆದರೆ ಈಗ ಎರಡು ಫೈಲಿನ ಗಾತ್ರವೂ ಬಾಲದ ಹೆಸರೂ (ಎಕ್ಸ್‌ಟೆನ್ಷನ್) ಒಂದೇ. ಅವಕ್ಕೆ ‘ಅ’, ‘ಆ’ ಅಂತ ಹೆಸರಿಟ್ಟು ಕಳಿಸಲಿ. ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಆಮೇಲೆ ಅಕ್ಕನೋ ತಮ್ಮನೋ ನಿಮ್ಮ ಬೆನ್ನ ಹಿಂದೆ ಕುಳಿತು ನಾಣ್ಯ ಚಿಮ್ಮಿ ಒಂದನ್ನು ಪ್ಲೇ ಮಾಡಲಿ, ನೀವು ಹೇಳಿದ್ದನ್ನು ಬರೆದುಕೊಳ್ಳಲಿ. ಮುಖ ನೋಡುತ್ತಾ ಕುಳಿತರೆ ಅವರ ಕಣ್ಣೇ ಉತ್ತರ ಹೇಳಿಬಿಡುತ್ತದೆ.

ಹೆಜ್ಜೆ 5: ಎಲ್ಲಿ ಕಿವಿ ಕೊಡಬೇಕು

ಇಡೀ ಪದ್ಯ ಕೇಳಿ ಹೋಲಿಸಲು ಆಗುವುದಿಲ್ಲ. ಸದ್ದಿನ ಸೂಕ್ಷ್ಮ ನೆನಪು ಬಹಳ ಬೇಗ ಆರುತ್ತದೆ. ಐದರಿಂದ ಹತ್ತು ಸೆಕೆಂಡಿನ ತುಣುಕು ಆಯ್ದು ಅದನ್ನೇ ತಿರುಗಿಸಿ ಕೇಳಿ.

ಮೊದಲ ತುಣುಕು: ಭಾಗವತರ ದನಿ ನಿಂತು, ಒಂದು ಕ್ಷಣ ಬಿಡುವಿದ್ದು, ಚೆಂಡೆಯ ಮೊದಲ ಪೆಟ್ಟು ಬೀಳುವ ಜಾಗ. ಪೆಟ್ಟಿನ ಮೇಲೆ ಗಮನ ಬೇಡ. ಪೆಟ್ಟಿಗೆ ಸ್ವಲ್ಪ ಮೊದಲು ಏನಿದೆ ಅಂತ ಕೇಳಿ. ಮೂಲದಲ್ಲಿ ಮೌನ, ಆಮೇಲೆ ಫಟ್. 128ರಲ್ಲಿ ಆ ಮೌನದ ಕೊನೆಗೆ ‘ಸ್’ ಅನ್ನುವ ಸಣ್ಣ ಉಸಿರು ಸೇರಿರಬಹುದು. ಒಮ್ಮೆ ಹಿಡಿತಕ್ಕೆ ಸಿಕ್ಕಿದರೆ ಆಮೇಲೆ ಸುಲಭ.

ಎರಡನೆಯದು: ಚೆಂಡೆಯ ಉರುಳಿಕೆ, ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಬರುವ ಕಡೆ. ಮೂಲದಲ್ಲಿ ಒಂದೊಂದು ಪೆಟ್ಟೂ ಬಿಡಿ ಬಿಡಿಯಾಗಿ ಎಣಿಸುವ ಹಾಗಿರುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ ಅವುಗಳ ನಡುವಿನ ಸಂದು ತುಂಬಿಹೋಗುತ್ತದೆ.

ಮೂರನೆಯದು ಚಕ್ರತಾಳ. ಅದರ ಝಣತ್ಕಾರ ನೀರಿನೊಳಗಿಂದ ಬಂದ ಹಾಗೆ ಅಲುಗಾಡುತ್ತದಾ ನೋಡಿ. ಜನ ಚಪ್ಪಾಳೆ ತಟ್ಟುವ ಕಡೆಯೂ ಹೀಗೇ ಕೇಳುತ್ತದೆ.

ಸುಲಭದ ತುಣುಕು ಯಾವುದು ಅಂತಲೂ ತಿಳಿದಿರಲಿ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನಂಥ ಉದ್ದದ, ತುಂಬಿದ ನಾದ ಎಂಪಿ3ಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಅದರಲ್ಲಿ 192ಕ್ಕೂ ಮೂಲಕ್ಕೂ ವ್ಯತ್ಯಾಸ ಹುಡುಕುತ್ತಾ ಕುಳಿತರೆ ಸಂಜೆ ಕಳೆದೀತು. ಭಾಗವತಿಕೆ ಮಾತ್ರ ಇರುವ ನಿಧಾನದ ಪದ್ಯವೂ ಹಾಗೇ.

ಹೆಜ್ಜೆ 6: ಬಂದ ಅಂಕವನ್ನು ಓದುವುದು

128ರಿಂದ ಶುರು ಮಾಡಿ. ಅದು ಗೊತ್ತಾದರೆ 192ಕ್ಕೆ ಹೋಗಿ. ಅದೂ ಗೊತ್ತಾದರೆ 320. ಗೊತ್ತಾಗದಿದ್ದ ಜಾಗದಲ್ಲಿ ನಿಲ್ಲಿ. ಅದರಿಂದ ಒಂದು ಮೆಟ್ಟಿಲು ಮೇಲೆ ನಿಮ್ಮ ಕೇಳುವ ಗುಣಮಟ್ಟ. 192 ಗೊತ್ತಾಗಲಿಲ್ಲ ಅಂದರೆ 256 ಅಥವಾ 320 ಇಟ್ಟುಕೊಂಡು ನಿಶ್ಚಿಂತೆಯಿಂದಿರಿ.

ನನಗೆ 128ರಲ್ಲಿ ಚೆಂಡೆ ಗೊತ್ತಾಗುತ್ತದೆ, 256ರಲ್ಲಿ ಗೊತ್ತಾಗುವುದಿಲ್ಲ. ಹೆಚ್ಚಿನವರದ್ದು ಇದೇ ಆಸುಪಾಸು. 320ರಲ್ಲೂ ಹಿಡಿಯುವವರು ಇದ್ದಾರೆ. ಅವರು ಸಾಮಾನ್ಯವಾಗಿ ಏನನ್ನು ಹುಡುಕಬೇಕು ಅಂತ ಕಲಿತವರು, ಎಂಪಿ3ಗೆ ಕಷ್ಟ ಕೊಡುವ ತುಣುಕನ್ನೇ ಆಯ್ದು ಕೇಳುವವರು. ಎಎಸಿ ಮತ್ತು ಓಪಸ್ ಎಂಪಿ3ಗಿಂತ ಹೊಸವು. ಎಎಸಿ 1997ರದ್ದು, ಓಪಸ್ 2012ರದ್ದು. ಅದೇ ಗುಣಮಟ್ಟಕ್ಕೆ ಅವುಗಳಿಗೆ ಕಡಿಮೆ ಬಿಟ್ ಸಾಕು.

ವಯಸ್ಸಿನ ಮಾತೂ ಇದೆ. ಎಳೆಯ ಕಿವಿ 20 ಕಿಲೋಹರ್ಟ್ಸ್ ಹತ್ತಿರದವರೆಗೆ ಕೇಳಬಲ್ಲದು. 40 ದಾಟಿದ ಹಲವರಿಗೆ 15, 16ರ ಮೇಲೆ ಏನೂ ಕೇಳುವುದಿಲ್ಲ. ಅದಕ್ಕೆ ಬೇಜಾರು ಬೇಡ. ಎಫ್‌ಎಂ ರೇಡಿಯೋ ಪ್ರಸಾರ ಮಾಡುವುದೇ 15 ಕಿಲೋಹರ್ಟ್ಸ್‌ವರೆಗೆ. ಮಧ್ಯಮ ತರಂಗದಲ್ಲಿ ಇನ್ನೂ ಬಹಳ ಕಡಿಮೆ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ಮಧ್ಯಮ ತರಂಗದ ಆ ಸಣ್ಣ ಕಿಂಡಿಯಿಂದಲೇ ಎಷ್ಟೋ ಮನೆಗಳು ಯಕ್ಷಗಾನವನ್ನು ಆನಂದದಿಂದ ಕೇಳಿದವು.

ಸಿಡಿಗಿಂತ ಮೇಲಿನ 24 ಬಿಟ್, 192 ಕಿಲೋಹರ್ಟ್ಸ್ ಫೈಲುಗಳ ಬಗ್ಗೆ ಕೇಳುವವರೂ ಇದ್ದಾರೆ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬ ಅಮೆರಿಕನ್ನರು ಇದನ್ನು ಪರೀಕ್ಷಿಸಿದರು. ಹೈ-ರೆಸಲ್ಯೂಷನ್ ಸದ್ದನ್ನು ನಡುವೆ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದರು. 554 ಸಲದಲ್ಲಿ 276 ಸಲ ಸರಿ ಉತ್ತರ ಬಂತು, ಅಂದರೆ ಅರ್ಧ. ರೆಕಾರ್ಡ್ ಮಾಡುವಾಗ 24 ಬಿಟ್ ಬಹಳ ಉಪಯೋಗ, ಮಟ್ಟ ತಗ್ಗಿಸಿಟ್ಟರೂ ಗುಣ ಹೋಗುವುದಿಲ್ಲ. ಬರೀ ಕೇಳಲಿಕ್ಕೆ ಅದಕ್ಕೆ ದುಡ್ಡು ಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ.

ಹೆಜ್ಜೆ 7: ಖುಷಿಯನ್ನು ಬೇರೆಯಾಗಿ ಪರೀಕ್ಷಿಸಿ

ವ್ಯತ್ಯಾಸ ಗೊತ್ತಾಗುವುದು ಬೇರೆ, ಖುಷಿ ಕಡಿಮೆಯಾಗುವುದು ಬೇರೆ. ಐದು ಸೆಕೆಂಡಿನ ತುಣುಕನ್ನು ಹತ್ತು ಸಲ ತಿರುಗಿಸಿ ಹಿಡಿದ ದೋಷ, ಇಡೀ ಪ್ರಸಂಗ ಕೇಳುವಾಗ ನೆನಪಿಗೂ ಬರಲಿಕ್ಕಿಲ್ಲ. ಇನ್ನು ಕೆಲವರಿಗೆ ಒಮ್ಮೆ ಕೇಳಿದ ಮೇಲೆ ಅದೇ ಕಿವಿಗೆ ಚುಚ್ಚುತ್ತದೆ. ನೀವು ಯಾವ ಗುಂಪು ಅಂತ ತಿಳಿಯಬೇಕಲ್ವಾ?

ಹೀಗೆ ಮಾಡಿ. ನಿಮಗೆ ಪ್ರೀತಿಯ ಒಂದಷ್ಟು ಪದ್ಯಗಳನ್ನು ಆರಿಸಿ. ಅರ್ಧವನ್ನು ಮೂಲದಲ್ಲೇ ಇಡಲು, ಉಳಿದರ್ಧವನ್ನು 128ರ ಎಂಪಿ3 ಮಾಡಿ ವಾಪಸ್ ವೇವ್ ಮಾಡಲು ಯಾರಿಗಾದರೂ ಹೇಳಿ. ಯಾವುದು ಯಾವುದು ಅಂತ ಅವರು ಬರೆದಿಟ್ಟುಕೊಳ್ಳಲಿ. ನೀವು ಎಂದಿನ ಹಾಗೆ ಕೇಳಿ, ದೋಷ ಹುಡುಕಬೇಡಿ. ಪ್ರತಿ ಪದ್ಯ ಮುಗಿದ ಮೇಲೆ ಖುಷಿಗೆ ಹತ್ತರಲ್ಲಿ ಒಂದು ಅಂಕ ಕೊಡಿ. ಒಂದು ವಾರದ ಮೇಲೆ ಯಾವ ಪದ್ಯ ಯಾವ ರೂಪದಲ್ಲಿದೆ ಅಂತ ಅವರು ಅದಲುಬದಲು ಮಾಡಲಿ. ನೀವು ಮತ್ತೆ ಅಂಕ ಕೊಡಿ. ಒಂದೇ ಪದ್ಯಕ್ಕೆ ಎರಡು ವಾರ ಕೊಟ್ಟ ಅಂಕಗಳನ್ನು ಹೋಲಿಸಿ. ನಿದ್ದೆ, ದಣಿವು, ಪದ್ಯದ ಮೇಲಿನ ಪ್ರೀತಿ ಎಷ್ಟು ಅಂಕ ಏರಿಸುತ್ತವೆ, ಬಿಟ್‌ರೇಟ್ ಎಷ್ಟು ಏರಿಸುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಕೇಳುವ ಮಟ್ಟದ ಬಗ್ಗೆ ಒಂದು ಎಚ್ಚರ. ಸೂಕ್ಷ್ಮ ಕೇಳಬೇಕು ಅಂತ ವಾಲ್ಯೂಮ್ ಏರಿಸುತ್ತಾ ಹೋಗಬೇಡಿ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ. ಚೆಂಡೆಯಂಥ ಪೆಟ್ಟಿನ ವಾದ್ಯ ಅದನ್ನು ಬೇಗ ಮೀರುತ್ತದೆ. ಕಿವಿಯ ಒಳಗಿನ ಸೂಕ್ಷ್ಮ ಕೂದಲು ಒಮ್ಮೆ ಹಾಳಾದರೆ ಮತ್ತೆ ಬೆಳೆಯುವುದಿಲ್ಲ.

ಬ್ಲೂಟೂತ್, ಸ್ಟ್ರೀಮಿಂಗ್

ನೀವು ದಿನಾ ಕೇಳುವುದು ಬ್ಲೂಟೂತಿನಲ್ಲಾದರೆ ಫ್ಲಾಕ್ ಚಿಂತೆ ಬಿಡಿ. ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿ ಎಂಬ ಕೋಡೆಕ್, ಅಂದರೆ ಕುಗ್ಗಿಸುವ ವಿಧಾನ, ಸಾಮಾನ್ಯವಾಗಿ ಹೆಚ್ಚೆಂದರೆ 328 ಕಿಲೋಬಿಟ್ ಆಸುಪಾಸಿನಲ್ಲಿ ಕಳಿಸುತ್ತದೆ. ಸೋನಿಯ ಎಲ್‌ಡಿಎಸಿ 990ರವರೆಗೆ ಹೋಗುತ್ತದೆ, ಸಿಗ್ನಲ್ ಕೆಟ್ಟರೆ 330ಕ್ಕೆ ಇಳಿಯುತ್ತದೆ. ಐಫೋನ್ ಎಲ್‌ಡಿಎಸಿ ಬಳಸುವುದಿಲ್ಲ, ಎಎಸಿಯಲ್ಲಿ ಕಳಿಸುತ್ತದೆ. ಆಂಡ್ರಾಯ್ಡಿನಲ್ಲಿ ಯಾವ ಕೋಡೆಕ್ ನಡೆಯುತ್ತಿದೆ ಅಂತ ಡೆವಲಪರ್ ಆಯ್ಕೆಗಳಲ್ಲಿ ಕಾಣಿಸುತ್ತದೆ.

ಸ್ಟ್ರೀಮಿಂಗ್ ಆ್ಯಪುಗಳ ಸೆಟ್ಟಿಂಗ್ ಒಮ್ಮೆ ತೆರೆದು ನೋಡಿ. ಡೇಟಾ ಸೇವರ್ ಆನ್ ಆಗಿದ್ದರೆ ಅಥವಾ ಗುಣಮಟ್ಟ ‘ಆಟೋಮ್ಯಾಟಿಕ್’ ಇದ್ದರೆ, ಸಿಗ್ನಲ್ ಕಮ್ಮಿ ಇರುವ ಊರಲ್ಲಿ ಬಹಳ ಕೆಳಗಿನ ಬಿಟ್‌ರೇಟಿಗೆ ಇಳಿದಿರುತ್ತದೆ. ಘಟ್ಟದ ಬುಡದ ಮನೆಗಳಲ್ಲಿ ಇದು ಮಾಮೂಲು. ವೈಫೈ ಇರುವಾಗ ಮೇಲಿನ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಮಸ್ಯೆಯೇ ಇಲ್ಲ. ಸದ್ದಿನ ಗುಣ ಹೆಚ್ಚಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಹೆಜ್ಜೆ 8: ಕಾಪಿಡುವುದಕ್ಕೆ ಮಾತ್ರ ರಾಜಿ ಬೇಡ

ಈ ಲೇಖನ ಬರೆಯಬೇಕೆಂದು ನನಗೆ ಅನಿಸಿದ್ದೇ ಈ ಭಾಗಕ್ಕಾಗಿ. ನಮ್ಮ ಕಡೆ ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಕ್ಯಾಸೆಟ್ಟುಗಳಿವೆ. ಹೆಸರಾಂತ ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಯಾವುದೋ ಬಯಲಾಟದ ರಾತ್ರಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಅಂಥವರ ದನಿ ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಇರಬಹುದು. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಡಿಜಿಟಲ್ ಮಾಡುವವರು ಹೆಚ್ಚಾಗಿ ನೇರ 128ರ ಎಂಪಿ3 ಮಾಡಿ, ಕ್ಯಾಸೆಟ್ಟನ್ನು ಬಿಸಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕ್ಯಾಸೆಟ್ಟಿನ ಸದ್ದೇ ಕಡಿಮೆ ಗುಣದ್ದು, ಫ್ಲಾಕ್ ಯಾಕೆ ಅಂತ ಕೇಳಬಹುದು. ಎರಡು ಕಾರಣ. ಟೇಪಿನ ‘ಸ್ಸ್’ ಸದ್ದನ್ನು ಮುಂದೆ ಯಾರಾದರೂ ತೆಗೆಯಲು ನೋಡುತ್ತಾರೆ. ಆಗ ಎಂಪಿ3 ಮುಚ್ಚಿಟ್ಟಿದ್ದ ಕೊಳೆಯೆಲ್ಲ ಮೇಲೆ ಬರುತ್ತದೆ. ಇನ್ನೊಂದು, ‘ಸ್ಸ್’ ಅನ್ನುವಂಥ ಹರಡಿದ ಸದ್ದನ್ನು ಕುಗ್ಗಿಸಲು ಎನ್‌ಕೋಡರಿಗೆ ಬಹಳ ಬಿಟ್ ಬೇಕಾಗುತ್ತದೆ. ಅದರಲ್ಲೇ ಬಿಟ್ ಖರ್ಚಾದರೆ ಭಾಗವತರ ದನಿಗೆ ಉಳಿಯುವುದು ಕಮ್ಮಿ.

ಮಳೆ ನಿಂತ ಒಣ ದಿನಗಳಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಕ್ಯಾಸೆಟ್ ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಾಕಬೇಡಿ, ಡೆಕ್ಕಿಗೂ ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಲೈನ್ ಔಟಿನಿಂದ ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸಿಗೆ ಕೊಟ್ಟು ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 24 ಬಿಟ್, 48 ಕಿಲೋಹರ್ಟ್ಸ್‌ಗೆ ರೆಕಾರ್ಡ್ ಮಾಡಿ. ಏನೂ ತಿದ್ದದೆ ಫ್ಲಾಕ್ ಮಾಡಿ ಒಂದು ಕಡೆ ಇಡಿ. ‘ಸ್ಸ್’ ತೆಗೆಯುವುದು, ಮಟ್ಟ ಏರಿಸುವುದು ಎಲ್ಲ ಅದರ ನಕಲಿನ ಮೇಲೆ. ಹಂಚಲಿಕ್ಕೆ ಆ ನಕಲಿನಿಂದ ಎಂಪಿ3 ಅಥವಾ ಓಪಸ್ ಮಾಡಿ. ಬರೀ ಅರ್ಥಗಾರಿಕೆಯ, ಅಂದರೆ ಮಾತಿನ, ತಾಳಮದ್ದಳೆ ಆದರೆ 64ರ ಓಪಸ್ ಕೂಡ ಹಂಚಲಿಕ್ಕೆ ಚೆನ್ನಾಗಿ ಸಾಕು, ಒಂದು ಗಂಟೆಗೆ 29 ಎಂಬಿ.

ಇಡೀ ರಾತ್ರಿಯ ಆಟ ವೇವ್‌ನಲ್ಲಿ ರೆಕಾರ್ಡ್ ಮಾಡುವವರಿಗೆ ಇನ್ನೊಂದು ವಿಷಯ. ಸಾಮಾನ್ಯ ವೇವ್ ಫೈಲ್ 4 ಜಿಬಿ ಮೀರುವಂತಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಅದು ನಾಲ್ಕು ಗಂಟೆ ದಾಟುವಾಗ ತುಂಬುತ್ತದೆ. ನಿಮ್ಮ ರೆಕಾರ್ಡರ್ ತಾನೇ ಹೊಸ ಫೈಲ್ ಶುರು ಮಾಡುತ್ತದಾ ಅಂತ ಮನೆಯಲ್ಲೇ ಪರೀಕ್ಷಿಸಿಕೊಂಡು ಹೋಗಿ.

ಫೈಲಿನ ಹೆಸರಿನಲ್ಲಿ ಪ್ರಸಂಗ, ಭಾಗವತರು, ಮೇಳ, ಊರು, ವರ್ಷ ಇರಲಿ. ಚೆಂಡೆ, ಮದ್ದಳೆಯವರ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ, ಅವರ ಹೆಸರೇ ಮೊದಲು ಮರೆತುಹೋಗುವುದು. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಫ್ಲಾಕ್ ಫೈಲಿನೊಳಗೆ ಮೂಲ ಸದ್ದಿನ ಲೆಕ್ಕದ ಗುರುತೊಂದು ಸೇರಿರುತ್ತದೆ. ವರ್ಷಕ್ಕೊಮ್ಮೆ ಫೂಬಾರಿನಲ್ಲಿ ಆ ಫೈಲುಗಳನ್ನು ಆರಿಸಿ ತಪಾಸಣೆ ಓಡಿಸಿದರೆ, ಯಾವುದಾದರೂ ಕೆಟ್ಟಿದ್ದರೆ ಗೊತ್ತಾಗುತ್ತದೆ. ಆಗ ಇನ್ನೊಂದು ಡಿಸ್ಕಿನಿಂದ ನಕಲು ಮಾಡಿಕೊಳ್ಳಿ.